ಹಂತ ಹಂತದ ಇಂಪ್ಲಾಂಟ್: ತಿಂಗಳುಗಟ್ಟಲೆ ಕಾಯುವುದು ಯಾಕೆ, ಎಲ್ಲೆಲ್ಲಿ ಏನೇನು ನೋಡಿಕೊಳ್ಳಬೇಕು

ಪ್ರಾಸ್ಥೊ_ಕುವೆಂಪುನಗರ:

ಹೋದ ಹಲ್ಲಿನ ಜಾಗದಲ್ಲಿ ದವಡೆಗೆ ಲೋಹದ ಬೇರು ಕೂರಿಸಿ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ ದುಡ್ಡಿನದು, ಎರಡನೆಯದು ದಿನಗಳದ್ದು. ದುಡ್ಡಿನ ಲೆಕ್ಕ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಬೇರೆ. ದಿನಗಳ ಲೆಕ್ಕ ಮೂಳೆಯ ಕೈಯಲ್ಲಿದೆ, ಅದು ಮೈಸೂರಾದರೂ ಅಷ್ಟೇ ಮಂಡ್ಯವಾದರೂ ಅಷ್ಟೇ. ಇಲ್ಲಿ ದಿನಗಳ ಲೆಕ್ಕವನ್ನೇ ಬಿಡಿಸಿ ಬರೆಯೋಣ. ತಿಳಿದವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಮೊದಲು ಭಾಗಗಳು. ಮೂಳೆಯೊಳಗೆ ಕೂರುವುದು ಟೈಟಾನಿಯಂ ಸ್ಕ್ರೂ, ಇದನ್ನು ಫಿಕ್ಸ್ಚರ್ ಅನ್ನುತ್ತೇವೆ. ಸಾಮಾನ್ಯವಾಗಿ 3.3ರಿಂದ 5 ಮಿ.ಮೀ. ದಪ್ಪ, 8ರಿಂದ 13 ಮಿ.ಮೀ. ಉದ್ದ. ಅದರ ಮೇಲೆ ವಸಡು ದಾಟಿ ಹೊರಗೆ ಬರುವ ಗೂಟ ಅಬಟ್ಮೆಂಟ್. ಅದರ ಮೇಲೆ ಕ್ಯಾಪ್, ಅಂದರೆ ಹೊರಗೆ ಕಾಣುವ ಹಲ್ಲು. ಅಬಟ್ಮೆಂಟನ್ನು ಫಿಕ್ಸ್ಚರಿಗೆ ಬಿಗಿದು ಹಿಡಿಯುವ ಚಿಕ್ಕ ಸ್ಕ್ರೂ ಇನ್ನೊಂದಿದೆ. ಅದು ಹೊರಗೆ ಕಾಣುವುದಿಲ್ಲ, ಆದರೆ ಮುಂದೆ ಸಡಿಲವಾಗಿ ತೊಂದರೆ ಕೊಡುವುದು ಹೆಚ್ಚಾಗಿ ಅದೇ. ಇವಲ್ಲದೆ ನಡುವೆ ಬಂದು ಹೋಗುವ ಎರಡು ತುಂಡುಗಳಿವೆ: ಫಿಕ್ಸ್ಚರನ್ನು ವಸಡಿನ ಕೆಳಗೆ ಮುಚ್ಚಿಡುವಾಗ ಹಾಕುವ ಕವರ್ ಸ್ಕ್ರೂ, ಆಮೇಲೆ ವಸಡಿಗೆ ಆಕಾರ ಕೊಡುವ ಹೀಲಿಂಗ್ ಕ್ಯಾಪ್.

ಕಾಯುವುದು ಯಾಕೆ? ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಂ ಉಪಕರಣ ಕೂರಿಸಿ ರಕ್ತಸಂಚಾರ ನೋಡುತ್ತಿದ್ದರು. ಕೊನೆಗೆ ತೆಗೆಯಲು ಹೋದರೆ ಬರಲಿಲ್ಲ, ಮೂಳೆ ಲೋಹವನ್ನು ಕಚ್ಚಿಕೊಂಡಿತ್ತು. 1965ರಲ್ಲಿ ಮೊದಲ ಬಾರಿ ಮನುಷ್ಯರ ದವಡೆಗೆ ಹಾಕಿದರು. ಅವರು ಹಾಕಿಕೊಟ್ಟ ಕ್ರಮ: ಕೂರಿಸಿ, ವಸಡು ಹೊಲಿದು, ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಮುಟ್ಟದೆ ಬಿಡುವುದು. ಮೇಲ್ದವಡೆಯ ಮೂಳೆ ಸ್ಪಂಜಿನ ಹಾಗೆ ಸಡಿಲ, ಅದಕ್ಕೇ ಹೆಚ್ಚು ದಿನ. ಈಗ ಫಿಕ್ಸ್ಚರಿನ ಮೈಯನ್ನು ಆಸಿಡ್ಡಿನಿಂದ ತರಿತರಿ ಮಾಡಿರುತ್ತಾರೆ, ಮೂಳೆ ಬೇಗ ಹಿಡಿಯುತ್ತದೆ. ಗಟ್ಟಿ ಮೂಳೆ ಇದ್ದರೆ 6ರಿಂದ 8 ವಾರಕ್ಕೂ ಮುಂದಿನ ಹಂತಕ್ಕೆ ಹೋಗಬಹುದು. ಆದರೂ ಪೌಡರ್ ಹಾಕಿ ಮೂಳೆ ಬೆಳೆಸಿದ ಜಾಗಕ್ಕೆ, ಹಿಂಬದಿಯ ಮೇಲ್ದವಡೆಗೆ ಹಳೆಯ ಲೆಕ್ಕವೇ ಸರಿ.

ಸರ್ಜನ್_ಬನ್ನಿಮಂಟಪ:

ಡಾಕ್ಟರ್ ಫಿಕ್ಸ್ಚರಿನಿಂದ ಶುರು ಮಾಡಿದ್ದಾರೆ, ನಾನು ಒಂದು ಹೆಜ್ಜೆ ಹಿಂದಿನಿಂದ ಬರುತ್ತೇನೆ. ಹಲ್ಲು ಕೀಳುವ ದಿನವೇ ಅರ್ಧ ಹಣೆಬರಹ ತೀರ್ಮಾನವಾಗಿಬಿಡುತ್ತದೆ.

ಹಲ್ಲು ಕಿತ್ತ ಮೇಲೆ ಮೂಳೆ ಕರಗುವುದು ನಿಲ್ಲುವುದಿಲ್ಲ. ಒಂದು ವರ್ಷದಲ್ಲಿ ಅಗಲದಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುತ್ತದೆ, ಅದರಲ್ಲೂ ಮೂರನೇ ಎರಡು ಭಾಗ ಮೊದಲ 3 ತಿಂಗಳಲ್ಲೇ. ಕರಗುವುದು ಹೆಚ್ಚಾಗಿ ತುಟಿ, ಕೆನ್ನೆಯ ಕಡೆಯ ಗೋಡೆ, ಯಾಕೆಂದರೆ ಅದು ಮೊದಲೇ ತೆಳು. ಆದ್ದರಿಂದ ಇಂಪ್ಲಾಂಟ್ ಯೋಚನೆ ಇದ್ದರೆ ಹಲ್ಲು ಕೀಳಿಸುವ ಮೊದಲೇ ಹೇಳಿ. ಬೇರನ್ನು ತುಂಡು ಮಾಡಿ ಆ ಗೋಡೆ ಮುರಿಯದ ಹಾಗೆ ತೆಗೆಯುವುದೇ ಬೇರೆ, ಇಕ್ಕಳದಲ್ಲಿ ಎಳೆದು ಬಿಡುವುದೇ ಬೇರೆ.

ಕಿತ್ತ ಮೇಲೆ ಯಾವಾಗ ಕೂರಿಸುವುದು ಅನ್ನುವುದಕ್ಕೆ ನಾಲ್ಕು ದಾರಿ: ಅದೇ ದಿನ, ವಸಡು ಮುಚ್ಚಿದ ಮೇಲೆ 4ರಿಂದ 8 ವಾರಕ್ಕೆ, ಒಳಗೆ ಮೂಳೆ ಸ್ವಲ್ಪ ತುಂಬಿದ ಮೇಲೆ 12ರಿಂದ 16 ವಾರಕ್ಕೆ, ಅಥವಾ 6 ತಿಂಗಳು ಕಳೆದು. ಕೀವು ತುಂಬಿದ ಹಲ್ಲಾಗಿದ್ದರೆ ಎರಡನೆಯದೋ ಮೂರನೆಯದೋ ಸುರಕ್ಷಿತ. ಕೊನೆಯದನ್ನು ಬೇಕು ಅಂತ ಆರಿಸಿಕೊಳ್ಳುವವರು ಕಡಿಮೆ, ಮುಂದೂಡಿ ಮುಂದೂಡಿ ಅಲ್ಲಿಗೆ ಬಂದು ನಿಲ್ಲುವವರೇ ಹೆಚ್ಚು.

ಆಮೇಲೆ ಅಳತೆ. ಇದನ್ನು ಉದಾಹರಣೆ ಹಿಡಿದು ನೋಡಿ. 4 ಮಿ.ಮೀ. ದಪ್ಪದ ಇಂಪ್ಲಾಂಟ್ ಅಂತಿಟ್ಟುಕೊಳ್ಳಿ. ಪಕ್ಕದ ಹಲ್ಲಿನಿಂದ ಎರಡೂ ಕಡೆ 1.5 ಮಿ.ಮೀ. ಬಿಡಬೇಕು, ಅಲ್ಲಿಗೆ ಎರಡು ಹಲ್ಲುಗಳ ನಡುವೆ ಕನಿಷ್ಠ 7 ಮಿ.ಮೀ. ಜಾಗ. ಮೂಳೆಯ ಅಗಲದಲ್ಲೂ ಒಳಗೆ ಹೊರಗೆ 1.5 ಬಿಟ್ಟರೆ ಅಲ್ಲೂ 7. ಹೊರಗಡೆ 2 ಸಿಕ್ಕಿದರೆ ಇನ್ನೂ ಒಳ್ಳೆಯದು. ಪಕ್ಕಪಕ್ಕದಲ್ಲಿ ಎರಡು ಇಂಪ್ಲಾಂಟ್ ಬಂದರೆ ಅವೆರಡರ ನಡುವೆ 3 ಮಿ.ಮೀ. ಕೆಳದವಡೆಯಲ್ಲಿ ತುಟಿಗೆ ಸ್ಪರ್ಶ ಕೊಡುವ ನರದ ಕಾಲುವೆಯಿಂದ ಮೇಲೆ 2 ಮಿ.ಮೀ. ಉಳಿಸಲೇಬೇಕು.

ಈ ಲೆಕ್ಕ ಓಪಿಜಿಯಲ್ಲಿ, ಅಂದರೆ ಪೂರ್ತಿ ದವಡೆಯ ಎಕ್ಸ್‌ರೇಯಲ್ಲಿ, ಆಗುವುದಿಲ್ಲ. ಓಪಿಜಿ ಚಪ್ಪಟೆ ಚಿತ್ರ, ಅಗಲ ತೋರಿಸುವುದೇ ಇಲ್ಲ, ಎತ್ತರವನ್ನೂ ಹಿಗ್ಗಿಸಿ ತೋರಿಸುತ್ತದೆ. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಕೆಳಗಿನ ದವಡೆಹಲ್ಲಿನ ಜಾಗದಲ್ಲಿ ನಾಲಿಗೆಯ ಕಡೆ ಮೂಳೆ ಒಳಕ್ಕೆ ಗುಳಿ ಬಿದ್ದಿರುತ್ತದೆ, ಓಪಿಜಿಯಲ್ಲಿ ಅದು ಕಾಣುವುದೇ ಇಲ್ಲ. ಡ್ರಿಲ್ ಅಲ್ಲಿ ಆಚೆ ತೂರಿದರೆ ನಾಲಿಗೆಯ ಬುಡದಲ್ಲಿ ರಕ್ತ ಕಟ್ಟಿ ಉಸಿರಿಗೇ ತೊಂದರೆಯಾಗಬಹುದು.

ಓದುಗ_ಶ್ರೀರಂಗಪಟ್ಟಣ:

ಸರ್, ಮೈಸೂರು ರಸ್ತೆಯುದ್ದಕ್ಕೂ "ಒಂದೇ ದಿನದಲ್ಲಿ ಹಲ್ಲು" ಅಂತ ಬೋರ್ಡು ಕಾಣುತ್ತವೆ. ನೀವು ತಿಂಗಳುಗಟ್ಟಲೆ ಅನ್ನುತ್ತಿದ್ದೀರಿ. ಯಾವುದು ಸರಿ?

ಸರ್ಜನ್_ಬನ್ನಿಮಂಟಪ:

ಎರಡೂ ಸರಿ ಇರಬಹುದು, ಬಾಯಿ ನೋಡಿ ಹೇಳಬೇಕು. ಇಲ್ಲಿ ಎರಡು ಬೇರೆ ಮಾತು ಕಲಸಿಹೋಗಿವೆ. ಹಲ್ಲು ಕಿತ್ತ ದಿನವೇ ಫಿಕ್ಸ್ಚರ್ ಹಾಕುವುದು ಒಂದು. ಫಿಕ್ಸ್ಚರ್ ಹಾಕಿದ ದಿನವೇ ಮೇಲೆ ಹಲ್ಲು ಕೂರಿಸುವುದು ಇನ್ನೊಂದು. ಮೊದಲನೆಯದು ಆದ ಮಾತ್ರಕ್ಕೆ ಎರಡನೆಯದು ಆಗಲೇಬೇಕು ಅಂತಿಲ್ಲ.

ಅದೇ ದಿನ ಹಲ್ಲು ಕೂರಿಸಬೇಕಾದರೆ ಇಂಪ್ಲಾಂಟ್ ತಿರುಗಿಸಿ ಕೂರಿಸುವಾಗ ಕನಿಷ್ಠ 35 ನ್ಯೂಟನ್ ಸೆಂಟಿಮೀಟರ್ ಬಿಗಿ ಬರಬೇಕು. ಬಿಗಿ ಅಳೆಯುವ ರ‍್ಯಾಚೆಟ್ ಮೇಲೆ ಗೆರೆ ಹಾಕಿರುತ್ತದೆ. ಕೆಲವರು ಕಂಪನದ ಯಂತ್ರದಿಂದ ಐಎಸ್‌ಕ್ಯು ಅಂತ ಅಂಕಿ ತೆಗೆಯುತ್ತಾರೆ. ಅದು 70 ದಾಟಿದರೆ ಭದ್ರ, 60ಕ್ಕಿಂತ ಕೆಳಗಿದ್ದರೆ ಮುಚ್ಚಿ ಕಾಯಬೇಕು. ಹಾಕಿದ ಹಲ್ಲು ಕೂಡ ತಾತ್ಕಾಲಿಕದ್ದು, ಎದುರು ಹಲ್ಲಿಗೆ ತಾಗದ ಹಾಗೆ ತಗ್ಗಿಸಿದ್ದು. ಮುಂಬದಿಯ ಒಂದು ಹಲ್ಲಿಗೆ, ಅಥವಾ ನಾಲ್ಕಾರು ಇಂಪ್ಲಾಂಟನ್ನು ಒಂದಕ್ಕೊಂದು ಬಿಗಿದ ಪೂರ್ತಿ ಸೆಟ್ಟಿಗೆ ಇದು ಒಪ್ಪುತ್ತದೆ. ಒಂಟಿ ದವಡೆಹಲ್ಲಿಗೆ ನಾನು ಒಪ್ಪುವುದಿಲ್ಲ.

ಯಾಕೆ ಅಂದರೆ, ಮೊದಲ ದಿನದ ಬಿಗಿ ಬರೀ ಸ್ಕ್ರೂ ಮರದಲ್ಲಿ ಕಚ್ಚಿಕೊಂಡ ಹಾಗೆ. ಆ ಕಚ್ಚಿದ ಮೂಳೆಯನ್ನು ದೇಹ ಕರಗಿಸಿ ಹೊಸದು ಕಟ್ಟುತ್ತದೆ. ಹಳೆಯದು ಹೋಗಿ ಹೊಸದು ಇನ್ನೂ ಗಟ್ಟಿಯಾಗದ ಹೊತ್ತು ಸುಮಾರು 2ರಿಂದ 4ನೇ ವಾರ. ನೋವಿರುವುದಿಲ್ಲ, ಊತ ಇಳಿದಿರುತ್ತದೆ, ಎಲ್ಲ ಸರಿಹೋಯಿತು ಅಂತ ಆ ಕಡೆ ಅಗಿಯಲು ಶುರು ಮಾಡುವುದು ಆಗಲೇ. ಇಂಪ್ಲಾಂಟ್ 100ರಿಂದ 150 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ಹೆಚ್ಚು ಅಲುಗಾಡುತ್ತಿದ್ದರೆ ಸುತ್ತ ಮೂಳೆ ಬದಲು ನಾರು ಬೆಳೆಯುತ್ತದೆ. ನಾರು ಬೆಳೆದ ಇಂಪ್ಲಾಂಟ್ ಮತ್ತೆ ಗಟ್ಟಿಯಾಗುವುದಿಲ್ಲ, ತೆಗೆಯಲೇಬೇಕು.

ಕೊರೆಯುವಾಗಿನ ಬಿಸಿಯೂ ಅಷ್ಟೇ ಮುಖ್ಯ. 47 ಡಿಗ್ರಿ ಒಂದು ನಿಮಿಷ ಇದ್ದರೆ ಸಾಕು, ಮೂಳೆ ಸಾಯುತ್ತದೆ. ಅದಕ್ಕೇ ನಿಮಿಷಕ್ಕೆ ಸುಮಾರು 800ರಿಂದ 1200 ಸುತ್ತಿನ ವೇಗ, ತಣ್ಣನೆಯ ಸಲೈನ್ ಧಾರೆ, ಮೊದಲು 2 ಮಿ.ಮೀ. ಡ್ರಿಲ್, ಆಮೇಲೆ ಒಂದೊಂದೇ ದಪ್ಪ ಏರಿಸುತ್ತಾ, ಒತ್ತದೆ ಮೇಲೆ ಕೆಳಗೆ ಆಡಿಸುತ್ತಾ ಹೋಗುವುದು. ಕೆಳದವಡೆಯ ಮುಂಭಾಗದ ಮೂಳೆ ತೀರಾ ಗಟ್ಟಿ, ಬಿಸಿ ಏರುವುದು ಅಲ್ಲೇ ಜಾಸ್ತಿ. ಸವೆದ ಡ್ರಿಲ್ಲನ್ನು ಬಳಸುತ್ತಲೇ ಇರುವುದು ದೊಡ್ಡ ತಪ್ಪು.

ಓದುಗ_ಮಳವಳ್ಳಿ:

ಮೂಳೆ ಸಾಲದು, ಪೌಡರ್ ಹಾಕಬೇಕು ಅಂತಾರಲ್ಲ ಸಾ, ಆ ಪೌಡರ್ ಯಾವುದ್ರದ್ದು? ದನದ್ದು ಅಂತ ಯಾರೋ ಅಂದ್ರು. ಮನೇಲಿ ದೊಡ್ಡೋರು ಒಪ್ಪಲ್ಲ.

ವಸಡುವೈದ್ಯ_ಮಂಡ್ಯ:

ಒಳ್ಳೇ ಪ್ರಶ್ನೆ ಅಣ್ಣ. ಇದನ್ನು ಡಾಕ್ಟ್ರೇ ಮೊದಲು ಹೇಳಬೇಕು, ನೀವು ಕೇಳುವ ತನಕ ಕಾಯಬಾರದು.

ಹೆಚ್ಚು ಬಳಕೆಯಲ್ಲಿರುವ ಒಂದು ಬಗೆ ದನದ ಮೂಳೆಯಿಂದಲೇ ಮಾಡಿದ್ದು. ಜೀವಾಂಶವೆಲ್ಲ ತೆಗೆದು ಬರೀ ಖನಿಜ ಉಳಿಸಿರುತ್ತಾರೆ. ಬೇಗ ಕರಗುವುದಿಲ್ಲ, ಜಾಗ ಹಿಡಿದಿಟ್ಟುಕೊಳ್ಳುತ್ತದೆ, ಅದು ಅದರ ಗುಣ. ಅದರ ಮೇಲೆ ಹೊದಿಸುವ ಕೊಲಾಜೆನ್ ಪರದೆ ಹಂದಿಯದ್ದೋ ದನದ್ದೋ ಆಗಿರುತ್ತದೆ. ಪೌಡರ್ ಬಗ್ಗೆ ಕೇಳುವವರು ಪರದೆಯ ಬಗ್ಗೆ ಮರೆಯುತ್ತಾರೆ, ಎರಡನ್ನೂ ಕೇಳಿ. ಎರಡನೆಯ ಬಗೆ ಮನುಷ್ಯರ ದಾನದ ಮೂಳೆ. ಮೂರನೆಯದು ಕೃತಕ, ಹೈಡ್ರಾಕ್ಸಿ ಅಪಟೈಟ್ ಮತ್ತು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಇದರಲ್ಲಿ ಯಾವ ಪ್ರಾಣಿಯದೂ ಇಲ್ಲ. ನಾಲ್ಕನೆಯದು ನಿಮ್ಮದೇ ಮೂಳೆ, ದವಡೆಯ ಹಿಂಭಾಗದಿಂದ ಕೆರೆದು ತೆಗೆದದ್ದು. ಮೂಳೆ ಕಟ್ಟುವ ಶಕ್ತಿಯಲ್ಲಿ ಇದಕ್ಕೆ ಸಮ ಬೇರೆ ಇಲ್ಲ, ಆದರೆ ಇನ್ನೊಂದು ಕಡೆ ಗಾಯವಾಗುತ್ತದೆ. ನಿಮ್ಮ ರಕ್ತವನ್ನೇ ತಿರುಗಿಸಿ ತೆಗೆಯುವ ಪಿಆರ್‌ಎಫ್ ಪೊರೆಯೂ ಇದೆ, ಗಾಯ ಮಾಯಲು ಒಳ್ಳೆಯದು, ಆದರೆ ಅದೊಂದರಿಂದಲೇ ಅಗಲ ಹೆಚ್ಚುತ್ತದೆ ಅಂತ ನಂಬಬೇಡಿ.

ಸಣ್ಣ ಗುಂಡಿ ತುಂಬುವುದಕ್ಕೆ ಕೃತಕ ಪುಡಿ ಸಾಕು. ಅಗಲವೇ ಇಲ್ಲದ ದವಡೆಗೆ ಅದು ಬೇಗ ಕರಗಿ ಕೈ ಕೊಡಬಹುದು, ಅಲ್ಲಿ ನಿಮ್ಮದೇ ಮೂಳೆ ಬೆರೆಸಿದರೆ ಮೇಲು. ಮನೆಯವರ ಮನಸ್ಸಿಗೆ ಒಪ್ಪದ್ದನ್ನು ಹೇಳದೆ ಹಾಕುವುದು ತಪ್ಪು. ಒಪ್ಪಿಗೆ ಪತ್ರದಲ್ಲಿ ಪೌಡರಿನ ಮೂಲ ಬರೆಸಿಕೊಳ್ಳಿ.

ಮೇಲಿನ ದವಡೆಹಲ್ಲಿನ ಮೇಲೆ ಸೈನಸ್ ಅನ್ನುವ ಗಾಳಿಯ ಗೂಡಿದೆ. ಹಲ್ಲು ಹೋಗಿ ವರ್ಷಗಳಾದರೆ ಆ ಗೂಡು ಕೆಳಕ್ಕೆ ಇಳಿಯುತ್ತದೆ, ಕೆಳಗಿನಿಂದ ಮೂಳೆ ಸವೆಯುತ್ತದೆ. ಉಳಿದ ಎತ್ತರ 5 ಮಿ.ಮೀ. ಮೇಲಿದ್ದರೆ ಕೊರೆದ ತೂತಿನ ಮೂಲಕವೇ ಸೈನಸಿನ ಒಳಪೊರೆ ಎತ್ತಿ ಅದೇ ದಿನ ಇಂಪ್ಲಾಂಟ್ ಹಾಕಬಹುದು. ಅದಕ್ಕಿಂತ ಕಡಿಮೆಯಿದ್ದರೆ ಕೆನ್ನೆಯ ಕಡೆಯಿಂದ ಕಿಟಕಿ ತೆಗೆದು, ಪುಡಿ ತುಂಬಿ, 6ರಿಂದ 9 ತಿಂಗಳು ಬಿಟ್ಟು ಆಮೇಲೆ ಇಂಪ್ಲಾಂಟ್. ಇದು ಮಾಡಿಸಿಕೊಂಡವರು ಎರಡು ವಾರ ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಒತ್ತಡ ಪೊರೆಯ ಮೇಲೆ ಬೀಳಬಾರದು.

ಫಿಸಿಶಿಯನ್_ಮದ್ದೂರು:

ಹಲ್ಲಿನ ಡಾಕ್ಟರ ಹತ್ತಿರ ಹೇಳದೆ ಬಿಡುವ ವಿಷಯಗಳನ್ನು ನಾನು ಸೇರಿಸುತ್ತೇನೆ.

ಸಕ್ಕರೆ ಕಾಯಿಲೆ. ಬೆಳಗಿನ ಖಾಲಿ ಹೊಟ್ಟೆಯ ಒಂದು ಅಂಕಿ ಸಾಲದು, ಮೂರು ತಿಂಗಳ ಸರಾಸರಿಯ ಎಚ್‌ಬಿಎ1ಸಿ ಬೇಕು. 7ರ ಒಳಗಿದ್ದರೆ ನಿಶ್ಚಿಂತೆ. 8 ದಾಟಿದ್ದರೆ ಮೊದಲು ಅದನ್ನು ಇಳಿಸಿ, ಇಂಪ್ಲಾಂಟ್ ಆಮೇಲೆ. ಶಸ್ತ್ರಚಿಕಿತ್ಸೆಯ ಬೆಳಗ್ಗೆ ಮಾತ್ರೆ ನುಂಗಿ ತಿಂಡಿ ಬಿಟ್ಟು ಬರಬೇಡಿ, ಕುರ್ಚಿಯಲ್ಲೇ ಸಕ್ಕರೆ ಇಳಿದುಬಿಡುತ್ತದೆ.

ರಕ್ತ ತೆಳು ಮಾಡುವ ಮಾತ್ರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ತಾವಾಗಿ ನಿಲ್ಲಿಸುವುದು ತುಂಬಾ ಅಪಾಯ. ವಸಡಿನ ರಕ್ತ ಒತ್ತಿದರೆ ನಿಲ್ಲುತ್ತದೆ, ಸ್ಟೆಂಟ್ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ವಾರ್ಫರಿನ್ ಇದ್ದವರು ಹಿಂದಿನ ದಿನ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಮಾಡಿಸಿ ಬನ್ನಿ.

ಮೂಳೆ ಸವೆತದ ಮದ್ದು. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಂದು ಜೊಲೆಡ್ರೊನೇಟ್, ಆರು ತಿಂಗಳಿಗೊಂದು ಡೆನೊಸುಮಾಬ್ ಚುಚ್ಚುಮದ್ದು. ಹೆಂಗಸರು ಇದನ್ನು "ಕ್ಯಾಲ್ಸಿಯಂ ಸೂಜಿ" ಅಂತ ಹೇಳಿ ಸುಮ್ಮನಾಗುತ್ತಾರೆ. ದಯವಿಟ್ಟು ಚೀಟಿಯನ್ನೇ ತೋರಿಸಿ. ಇವು ಮೂಳೆ ಕರಗಿ ಕಟ್ಟುವ ಕೆಲಸವನ್ನೇ ನಿಧಾನ ಮಾಡುತ್ತವೆ, ಅಪರೂಪಕ್ಕೆ ದವಡೆ ಮೂಳೆ ಕೊಳೆಯುತ್ತದೆ. ಕ್ಯಾನ್ಸರಿಗೆ ಹೆಚ್ಚು ಪ್ರಮಾಣದಲ್ಲಿ ಪಡೆಯುವವರಿಗೆ ಅಪಾಯ ತುಂಬಾ ಜಾಸ್ತಿ, ಅವರಿಗೆ ಇಂಪ್ಲಾಂಟ್ ಬೇಡ. ಡೆನೊಸುಮಾಬನ್ನು ಹಲ್ಲಿಗಾಗಿ ಅಂತ ತಾವೇ ಬಿಟ್ಟರೆ ಬೆನ್ನುಮೂಳೆ ಕುಸಿಯಬಹುದು, ಇಬ್ಬರು ಡಾಕ್ಟರೂ ಮಾತಾಡಿ ದಿನ ಗೊತ್ತು ಮಾಡಬೇಕು.

ಬೀಡಿ, ಸಿಗರೇಟು: ಕನಿಷ್ಠ ಒಂದು ವಾರ ಮೊದಲು ನಿಲ್ಲಿಸಿ, ಕೂರಿಸಿದ ಮೇಲೆ 8 ವಾರ ಮುಟ್ಟಬೇಡಿ.

ಸರ್ಜನ್_ಬನ್ನಿಮಂಟಪ:

ಡಾಕ್ಟ್ರು ಬೀಡಿ ಹೇಳಿದರು, ನಮ್ಮ ಕಡೆ ಅದಕ್ಕಿಂತ ದೊಡ್ಡ ತೊಡಕು ಅಡಿಕೆ, ಗುಟ್ಕಾ, ಕಡ್ಡಿಪುಡಿ. ವರ್ಷಗಟ್ಟಲೆ ಅಡಿಕೆ ಅಗಿದರೆ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಹಿಂದಿನ ದವಡೆಹಲ್ಲಿನ ಜಾಗಕ್ಕೆ ಹ್ಯಾಂಡ್‌ಪೀಸ್, ಅದರ ತುದಿಗೆ ಡ್ರಿಲ್ ಎರಡೂ ಹೋಗಬೇಕು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬಾಯಲ್ಲಿ ಹಿಡಿಯದಿದ್ದರೆ ಮೊದಲೇ ಹೇಳಿ. ಗೈಡ್ ಅನ್ನುವ ಅಚ್ಚು ಇಟ್ಟು ಕೊರೆಯುವುದಾದರೆ ಡ್ರಿಲ್ ಇನ್ನೂ ಉದ್ದ, ಇನ್ನೂ ಹೆಚ್ಚು ಬಾಯಿ ಬೇಕು. ಜೊತೆಗೆ ಬಿಳಿ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ ಇದ್ದರೆ ಇಂಪ್ಲಾಂಟ್ ಬದಿಗಿಟ್ಟು ಅದನ್ನು ಮೊದಲು ಪರೀಕ್ಷೆ ಮಾಡಿಸಬೇಕು.

ಚೇರ್‌ಸೈಡ್_ಪಾಂಡವಪುರ:

ಕೂರಿಸಿದ ದಿನದಿಂದ ಹೊಲಿಗೆ ಬಿಚ್ಚುವ ತನಕ ಮನೆಯಲ್ಲಿ ಮಾಡಬೇಕಾದ್ದು ಬರೆಯುತ್ತೇನೆ, ಫೋನಿನಲ್ಲಿ ಎಲ್ಲರೂ ಕೇಳುವುದು ಇದನ್ನೇ.

ಮರಗಟ್ಟಿದ್ದು ಇಳಿಯುವ ತನಕ ಏನೂ ತಿನ್ನಬೇಡಿ, ತುಟಿ ಕಚ್ಚಿಕೊಳ್ಳುತ್ತೀರಿ. ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಉಗಿಯಬಾರದು, ಸ್ಟ್ರಾ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ 20 ನಿಮಿಷ ಇಟ್ಟು 20 ನಿಮಿಷ ಬಿಡಿ. ಊತ ಎರಡು ಮೂರನೇ ದಿನಕ್ಕೆ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಗಾಬರಿ ಬೇಡ. ಇಳಿದ ಊತ ನಾಲ್ಕೈದನೇ ದಿನಕ್ಕೆ ಮತ್ತೆ ಏರಿದರೆ, ಜ್ವರ ಬಂದರೆ, ಕೆಟ್ಟ ರುಚಿ ಬಂದರೆ ಆಗ ಬರಬೇಕು.

ಊಟಕ್ಕೆ ನಮ್ಮ ಮುದ್ದೆಯಷ್ಟು ಅನುಕೂಲ ಬೇರೆ ಯಾವುದೂ ಇಲ್ಲ, ಹೇಗೂ ಅಗಿಯದೆ ನುಂಗುವುದು. ಆದರೆ ಉಗುರು ಬೆಚ್ಚಗಾದ ಮೇಲೆ, ಸ್ವಲ್ಪ ಮೆದುವಾಗಿ ತೊಳಸಿದ್ದು, ಖಾರವಿಲ್ಲದ ಸಾರಿನ ಜೊತೆ. ಬಿಸಿ ಬಿಸಿ ಮುದ್ದೆ ಮೊದಲ ದಿನ ಬೇಡ, ಬಿಸಿಗೆ ರಕ್ತ ಮತ್ತೆ ಒಸರುತ್ತದೆ. ರಾಗಿ ಅಂಬಲಿ, ಮೊಸರನ್ನ, ಕಿವುಚಿದ ಬಾಳೆಹಣ್ಣು ಆಗುತ್ತದೆ. ಎಳ್ಳು, ಸಾಸಿವೆ ಒಗ್ಗರಣೆ, ಅವಲಕ್ಕಿ ಚೂಡಾ, ಕೋಡುಬಳೆ ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಹೊಲಿಗೆ 7ರಿಂದ 10 ದಿನಕ್ಕೆ ಬಿಚ್ಚುತ್ತಾರೆ. ಎರಡನೇ ದಿನದಿಂದ ಡಾಕ್ಟರ್ ಬರೆದ ಕ್ಲೋರ್‌ಹೆಕ್ಸಿಡಿನ್ ದ್ರವವನ್ನು ಬಾಯಲ್ಲಿ ತುಂಬಿ ಓಲಾಡಿಸಿ ಬಿಡಿ, ಜೋರಾಗಿ ಮುಕ್ಕಳಿಸಬೇಡಿ. ಬಹಳ ದಿನ ಬಳಸಿದರೆ ಹಲ್ಲು ಕಂದುತ್ತದೆ.

ಪೆನಿಸಿಲಿನ್ ಅಲರ್ಜಿ ಇದ್ದರೆ ಆಂಟಿಬಯಾಟಿಕ್ ಬರೆಯುವ ಮೊದಲೇ ಹೇಳಿ. ಅಮಾಕ್ಸಿಸಿಲಿನ್ ಆ ಗುಂಪಿನದ್ದೇ.

ಇನ್ನೊಂದು ಮಾತು: ತೆಗೆದು ಹಾಕುವ ಸೆಟ್ಟನ್ನು ಅದೇ ಜಾಗದ ಮೇಲೆ ಒತ್ತಿ ಹಾಕಿಕೊಳ್ಳುವುದರಿಂದ ಒಳಗಿನ ಇಂಪ್ಲಾಂಟ್ ಕೆಡುತ್ತದೆ. ಡಾಕ್ಟರ್ ಆ ಭಾಗ ಕೆರೆದು ಮೆತ್ತನೆಯ ಲೈನರ್ ಹಾಕಿಕೊಡುವ ತನಕ ಸೆಟ್ಟು ಡಬ್ಬಿಯಲ್ಲಿರಲಿ. ಮದುವೆ, ಹಬ್ಬ ಇದ್ದರೂ ಸರಿಯೇ.

ಸರ್ಜನ್_ಬನ್ನಿಮಂಟಪ:

ಮೇಡಂ ಬರೆದದ್ದಕ್ಕೆ ಒಂದು ತುರ್ತಿನ ಮಾತು. ಕೆಳದವಡೆಗೆ ಹಾಕಿಸಿಕೊಂಡವರಿಗೆ ಮರುದಿನ ಬೆಳಗ್ಗೆಯೂ ಕೆಳತುಟಿ, ಗಲ್ಲ ಮರಗಟ್ಟಿಯೇ ಇದ್ದರೆ ಆ ಕ್ಷಣ ಫೋನ್ ಮಾಡಿ. ಇಂಪ್ಲಾಂಟ್ ನರದ ಮೇಲೆ ಒತ್ತಿದ್ದರೆ 24ರಿಂದ 36 ಗಂಟೆಯೊಳಗೆ ತೆಗೆಯುವುದೋ ಮೇಲಕ್ಕೆ ತರುವುದೋ ಮಾಡಿದರೆ ಸ್ಪರ್ಶ ಮರಳುವ ಸಾಧ್ಯತೆ ಹೆಚ್ಚು. ವಾರ ನೋಡೋಣ ಅಂತ ಬಿಟ್ಟರೆ ಶಾಶ್ವತವಾಗಿ ಉಳಿಯಬಹುದು.

ಲ್ಯಾಬ್_ಮಂಡಿಮೊಹಲ್ಲಾ:

ಮೂಳೆ ಫಿಕ್ಸ್ಚರನ್ನು ಹಿಡಿದ ಮೇಲೆ ಬರುವ ಎರಡನೇ ಹಂತದಿಂದ ನಮ್ಮ ಕೆಲಸ. ವಸಡು ಸ್ವಲ್ಪ ಕೊಯ್ದು ಕವರ್ ಸ್ಕ್ರೂ ತೆಗೆದು ಹೀಲಿಂಗ್ ಕ್ಯಾಪ್ ಹಾಕುತ್ತಾರೆ. ಎರಡು ಮೂರು ವಾರದಲ್ಲಿ ವಸಡು ಅದರ ಸುತ್ತ ಕೊರಳಿನ ಹಾಗೆ ಕೂರುತ್ತದೆ. ಮುಂಬದಿ ಹಲ್ಲಿಗೆ ಇನ್ನೂ ಸ್ವಲ್ಪ ದಿನ ಬಿಟ್ಟರೆ ಒಳ್ಳೆಯದು, ವಸಡು ಇಳಿಯುವುದಿದ್ದರೆ ಅಷ್ಟರಲ್ಲಿ ಇಳಿದಿರುತ್ತದೆ. ಅವಸರದಲ್ಲಿ ಅಳತೆ ತೆಗೆದರೆ ಆಮೇಲೆ ಕ್ಯಾಪಿನ ಬುಡದಲ್ಲಿ ಲೋಹದ ಗೆರೆ ಕಾಣುತ್ತದೆ.

ಅಳತೆ ಅಂದರೆ ಫಿಕ್ಸ್ಚರಿಗೆ ಕೋಪಿಂಗ್ ಅನ್ನುವ ಅಳತೆಯ ತುಂಡು ಬಿಗಿದು ಸಿಲಿಕೋನಿನಲ್ಲಿ ಅಚ್ಚು ತೆಗೆಯುವುದು. ಆ ಅಚ್ಚಿಗೆ ಲ್ಯಾಬಿನಲ್ಲಿ ಅನಲಾಗ್ ಅನ್ನುವ ಫಿಕ್ಸ್ಚರಿನ ಪ್ರತಿರೂಪ ಸಿಕ್ಕಿಸಿ ಗಟ್ಟಿ ಪ್ಲಾಸ್ಟರ್ ಸುರಿಯುತ್ತೇವೆ. ಸ್ಕ್ಯಾನರ್ ಇದ್ದ ಕಡೆ ಸ್ಕ್ಯಾನ್ ಬಾಡಿ ಅನ್ನುವ ಗುರುತಿನ ತುಂಡು ಹಾಕಿ, ಬಾಯಿ ಸ್ಕ್ಯಾನ್ ಮಾಡಿ ಫೈಲ್ ಕಳಿಸುತ್ತಾರೆ. ಎರಡರಲ್ಲೂ ತಪ್ಪು ಆಗುವುದು ಒಂದೇ ಕಡೆ: ಕೋಪಿಂಗೋ ಸ್ಕ್ಯಾನ್ ಬಾಡಿಯೋ ಪೂರ್ತಿ ಕೂತಿರುವುದಿಲ್ಲ, ನಡುವೆ ವಸಡಿನ ಎಳೆ ಸಿಕ್ಕಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅಳತೆಗೆ ಮೊದಲು ಒಂದು ಸಣ್ಣ ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ. ಆ ಎಕ್ಸ್‌ರೇ ಇಲ್ಲದೆ ಬಂದ ಅಳತೆಯಲ್ಲಿ ಮಾಡಿದ ಕ್ಯಾಪ್ ಬಾಯಲ್ಲಿ ಕೂರದೆ ವಾಪಸ್ ಬರುತ್ತದೆ, ರೋಗಿಗೆ ಇನ್ನೆರಡು ವಾರ ದಂಡ.

ಇನ್ನೊಂದು: ಫಿಕ್ಸ್ಚರ್ ಒಂದು ಕಂಪನಿಯದು, ಅಬಟ್ಮೆಂಟ್ ಅಗ್ಗವೆಂದು ಬೇರೆ ಕಂಪನಿಯ "ಹೊಂದುವಂಥದ್ದು" ಕೊಟ್ಟರೆ ಜೋಡಣೆಯಲ್ಲಿ ಕೂದಲೆಳೆ ಸಂದು ಉಳಿಯುತ್ತದೆ. ಸ್ಕ್ರೂ ಪದೇ ಪದೇ ಸಡಿಲವಾಗಲು, ಮುರಿಯಲು ಅದೂ ಒಂದು ಕಾರಣ.

ವಸಡುವೈದ್ಯ_ಮಂಡ್ಯ:

ಕ್ಯಾಪನ್ನು ಸಿಮೆಂಟಿನಲ್ಲಿ ಅಂಟಿಸುವುದೋ ಸ್ಕ್ರೂನಿಂದ ಬಿಗಿಯುವುದೋ ಅನ್ನುವುದನ್ನೂ ಲ್ಯಾಬಿನವರು ಹೇಳಬೇಕಿತ್ತು. ನನ್ನ ಮಟ್ಟಿಗೆ ಸ್ಕ್ರೂ. ವಸಡಿನ ಕೆಳಗೆ ಹೋದ ಸಿಮೆಂಟ್ ಪೂರ್ತಿ ತೆಗೆಯಲಾಗುವುದಿಲ್ಲ, ಒಂದೆರಡು ವರ್ಷದಲ್ಲಿ ಅಲ್ಲೇ ಕೀವು ಶುರು.

ಪ್ರಾಸ್ಥೊ_ಕುವೆಂಪುನಗರ:

ಹಿಂಬದಿ ಹಲ್ಲಿಗೆ ಒಪ್ಪುತ್ತೇನೆ. ಮುಂಬದಿಯಲ್ಲಿ ಇಂಪ್ಲಾಂಟ್ ಸ್ವಲ್ಪ ಹೊರಕ್ಕೆ ವಾಲಿದ್ದರೆ ಸ್ಕ್ರೂ ತೂತು ಹಲ್ಲಿನ ಮುಖದ ಮೇಲೇ ಬರುತ್ತದೆ, ಅಲ್ಲಿ ಸಿಮೆಂಟ್ ಬೇಕಾಗಬಹುದು. ಆಗ ಅಬಟ್ಮೆಂಟಿನ ಅಂಚು ವಸಡಿಗಿಂತ 1 ಮಿ.ಮೀ.ಗಿಂತ ಆಳಕ್ಕೆ ಇಳಿಯದ ಹಾಗೆ ಮಾಡಿಸಿ, ಸಿಮೆಂಟ್ ತೆಳ್ಳಗೆ ಬಳಿದು, ಕೂರಿಸಿದ ಮೇಲೆ ಎಕ್ಸ್‌ರೇಯಲ್ಲಿ ಉಳಿಕೆ ಹುಡುಕಬೇಕು.

ಕೊನೆಯ ದಿನ ಮಾಡುವುದು ಇಷ್ಟು: ಅಬಟ್ಮೆಂಟ್ ಸ್ಕ್ರೂವನ್ನು ಕಂಪನಿ ಹೇಳಿದ ಬಿಗಿಗೆ, ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಸೆಂಟಿಮೀಟರ್, ರ‍್ಯಾಚೆಟ್ಟಿನಿಂದ ಬಿಗಿಯುವುದು. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅದೇ ಬಿಗಿಗೆ. ಸ್ಕ್ರೂ ಮೈಮೇಲಿನ ಎಳೆಗಳು ಒಂದಕ್ಕೊಂದು ಒತ್ತಿ ಕೂತು ಮೊದಲ ಬಿಗಿ ಸ್ವಲ್ಪ ಇಳಿದಿರುತ್ತದೆ, ಅದಕ್ಕೇ ಎರಡನೇ ಸಲ. ಕೈಯಲ್ಲಿ ಬಿಗಿದು ಬಿಟ್ಟರೆ ಆರು ತಿಂಗಳಿಗೆ ಕ್ಯಾಪ್ ಅಲ್ಲಾಡುತ್ತದೆ. ಕ್ಯಾಪಿನ ಸ್ಕ್ರೂ ತೂತಿಗೆ ಟೆಫ್ಲಾನ್ ಟೇಪ್ ತುಂಬಿ ಮೇಲೆ ಹಲ್ಲಿನ ಬಣ್ಣದ ಕಾಂಪೊಸಿಟ್ ಮುಚ್ಚುವುದು, ಮುಂದೆ ತೆಗೆಯಬೇಕಾದರೆ ಸುಲಭ.

ಆಮೇಲೆ ಕಚ್ಚು. ಸ್ವಂತ ಹಲ್ಲಿನ ಬೇರಿನ ಸುತ್ತ ಮೆತ್ತನೆಯ ನಾರಿದೆ, ಒತ್ತಿದರೆ ಅದು ಸ್ವಲ್ಪ ಇಳಿಯುತ್ತದೆ, ಗಟ್ಟಿ ಸಿಕ್ಕರೆ ಮಿದುಳಿಗೆ ಹೇಳುತ್ತದೆ. ಇಂಪ್ಲಾಂಟಿಗೆ ಆ ನಾರಿಲ್ಲ, ಇಳಿಯುವುದೂ ಇಲ್ಲ, ಅಷ್ಟು ಚೆನ್ನಾಗಿ ಹೇಳುವುದೂ ಇಲ್ಲ. ಎಲ್ಲ ಹಲ್ಲಿನ ಸಮಕ್ಕೆ ಕಚ್ಚು ಕೊಟ್ಟರೆ ಗಟ್ಟಿಯಾಗಿ ಅಗಿದಾಗ ಭಾರವೆಲ್ಲ ಇಂಪ್ಲಾಂಟಿನ ಮೇಲೆ ಬೀಳುತ್ತದೆ. 8 ಮೈಕ್ರಾನ್ ತೆಳುವಿನ ಹಾಳೆ ಇಟ್ಟು ನೋಡುತ್ತೇವೆ. ಮೆಲ್ಲಗೆ ಕಚ್ಚಿದಾಗ ಹಾಳೆ ಜಾರಿ ಬರಬೇಕು, ಬಿಗಿಯಾಗಿ ಕಚ್ಚಿದಾಗ ಮಾತ್ರ ಹಿಡಿಯಬೇಕು.

ಮಂಡ್ಯದ ಕಡೆಯವರಿಗೆ ವಿಶೇಷವಾಗಿ: ಮುಂಬದಿಯ ಇಂಪ್ಲಾಂಟ್ ಹಲ್ಲಿನಲ್ಲಿ ಕಬ್ಬು ಸಿಪ್ಪೆ ಎಳೆಯಬೇಡಿ. ಮೇಲಿನಿಂದ ಕೆಳಕ್ಕೆ ಬೀಳುವ ಭಾರ ಇಂಪ್ಲಾಂಟ್ ತಡೆಯುತ್ತದೆ, ಓರೆಯಾಗಿ ಎಳೆಯುವ ಭಾರ ಸ್ಕ್ರೂವನ್ನು ಮುರಿಯುತ್ತದೆ. ಕಬ್ಬು ಚಾಕುವಿನಲ್ಲಿ ಸುಲಿದು ತುಂಡು ಮಾಡಿ ಹಿಂದಿನ ಹಲ್ಲಿಗೆ ಕೊಡಿ. ನಾಟಿಕೋಳಿಯ ಮೂಳೆ ಕಡಿಯುವುದಕ್ಕೂ ಇದೇ ಮಾತು, ಕ್ಯಾಪಿನ ಪಿಂಗಾಣಿ ಚಕ್ಕೆ ಏಳುತ್ತದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ನೈಟ್ ಗಾರ್ಡ್ ಅನ್ನುವ ಹಲ್ಲಿನ ಹೊದಿಕೆ ಮಾಡಿಸಿಕೊಳ್ಳಲೇಬೇಕು.

ಓದುಗ_ಶ್ರೀರಂಗಪಟ್ಟಣ:

ಒಂದೂ ಹಲ್ಲಿಲ್ಲದ ವಯಸ್ಸಾದವರಿಗೆ ಎಲ್ಲ ಹಲ್ಲಿಗೂ ಒಂದೊಂದು ಹಾಕಬೇಕಾ? ಕೆಳಗಿನ ಸೆಟ್ಟು ನಿಲ್ಲುವುದೇ ಇಲ್ಲ ಅನ್ನುವುದು ಸಾಮಾನ್ಯ ದೂರು. ಇಂಪ್ಲಾಂಟ್ ಇದ್ದರೆ ಮುಂದೆ ಎಂಆರ್‌ಐ ಮಾಡಿಸಬಹುದಾ?

ಪ್ರಾಸ್ಥೊ_ಕುವೆಂಪುನಗರ:

ಬೇಕಿಲ್ಲ ಸರ್. ಕೆಳದವಡೆಗೆ ಕೋರೆಹಲ್ಲಿನ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡೇ ಇಂಪ್ಲಾಂಟ್. ಅವುಗಳ ಮೇಲೆ ಅಂಗಿಯ ಗುಂಡಿಯಂಥದ್ದು, ಸೆಟ್ಟಿನ ಒಳಗೆ ಅದಕ್ಕೆ ಗೂಡು, ಒತ್ತಿದರೆ ಟಕ್ ಅಂತ ಕೂರುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಅಂದಿದ್ದರು. ಕೆಳದವಡೆಯ ಮುಂಭಾಗದಲ್ಲಿ ವಯಸ್ಸಾದವರಿಗೂ ಮೂಳೆ ಉಳಿದಿರುತ್ತದೆ, ನರದ ಭಯವೂ ಕಡಿಮೆ. ಗೂಡಿನೊಳಗಿನ ನೈಲಾನ್ ರಿಂಗ್ ಸವೆಯುತ್ತದೆ, ಹಿಡಿತ ಸಡಿಲವಾದಾಗ ಬದಲಿಸಬೇಕು. ಅದು ಕೆಟ್ಟುಹೋದದ್ದಲ್ಲ, ಸೈಕಲ್ಲಿನ ಬ್ರೇಕ್ ರಬ್ಬರಿನ ಹಾಗೆ. ರಾತ್ರಿ ಸೆಟ್ಟು ತೆಗೆದು, ಗುಂಡಿಗಳನ್ನು ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ ಮಲಗಬೇಕು.

ತೆಗೆಯದ ಹಲ್ಲೇ ಬೇಕು ಅನ್ನುವವರಿಗೆ ನಾಲ್ಕು ಇಂಪ್ಲಾಂಟಿನ ಪದ್ಧತಿ ಇದೆ, ಹಿಂದಿನ ಎರಡನ್ನು ಓರೆಯಾಗಿ ಹಾಕಿ ನರವನ್ನೋ ಸೈನಸನ್ನೋ ತಪ್ಪಿಸುತ್ತಾರೆ. ಬ್ರಷ್ ಹಿಡಿಯಲು ಕೈ ನಡುಗುವವರಿಗೆ ಅದಕ್ಕಿಂತ ತೆಗೆದು ಹಾಕುವುದೇ ಒಳ್ಳೆಯದು.

ಎಂಆರ್‌ಐ ಮಾಡಿಸಬಹುದು, ಟೈಟಾನಿಯಂ ಅಯಸ್ಕಾಂತಕ್ಕೆ ಎಳೆಯುವುದಿಲ್ಲ. ತೆಗೆಯುವ ಸೆಟ್ಟು ಇದ್ದರೆ ತೆಗೆದಿಡಿ, ಅದರಲ್ಲಿ ಅಯಸ್ಕಾಂತದ ಹಿಡಿತ ಇದ್ದರೆ ಮೊದಲೇ ತಿಳಿಸಿ.

ವಸಡುವೈದ್ಯ_ಮಂಡ್ಯ:

ಇಂಪ್ಲಾಂಟಿಗೆ ಹುಳುಕು ಹತ್ತುವುದಿಲ್ಲ ಅನ್ನುವುದು ನಿಜ. ಅದಕ್ಕೇ ಜನ ಉಜ್ಜುವುದನ್ನು ಬಿಡುತ್ತಾರೆ, ಆದರೆ ವಸಡು ಮೂಳೆ ನಿಮ್ಮದೇ ಅಲ್ಲವೇ. ಮೊದಲು ವಸಡು ಕೆಂಪಾಗಿ ಬ್ರಷ್ ತಾಗಿದರೆ ರಕ್ತ ಬರುತ್ತದೆ. ಈ ಹಂತದಲ್ಲಿ ಸ್ವಚ್ಛ ಮಾಡಿದರೆ ಪೂರ್ತಿ ವಾಸಿ. ಬಿಟ್ಟರೆ ಕೀವು, ಕೆಳಗೆ ಮೂಳೆ ಕರಗುವುದು. ಕರಗಿದ ಮೂಳೆ ಮರಳಿ ತರುವುದು ಬಹಳ ಕಷ್ಟ. ನೋವು ಬರುವುದೇ ಇಲ್ಲ ಅನ್ನುವಷ್ಟು ತಡವಾಗಿ ಬರುತ್ತದೆ, ನೋವನ್ನು ನಂಬಿ ಕೂರಬೇಡಿ.

ಇಂಪ್ಲಾಂಟ್ ಪಕ್ಕದ ಸಂದಿಗೆ ಇಂಟರ್‌ಡೆಂಟಲ್ ಬ್ರಷ್, ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂಥದ್ದು. ಹಲ್ಲುಗಳು ಸೇತುವೆಯಂತೆ ಒಂದಕ್ಕೊಂದು ಸೇರಿದ್ದರೆ ಸೂಪರ್ ಫ್ಲಾಸ್ ಅನ್ನುವ ದಾರವನ್ನು ಕೆಳಗಿನಿಂದ ತೂರಿಸಿ. ಬೆಂಕಿಕಡ್ಡಿ, ಪಿನ್ನು, ಪೊರಕೆ ಕಡ್ಡಿ ಬೇಡ. ಆರು ತಿಂಗಳಿಗೊಮ್ಮೆ ತೋರಿಸಿ, ವರ್ಷಕ್ಕೊಮ್ಮೆ ಎಕ್ಸ್‌ರೇ. ಕ್ಯಾಪ್ ಹಾಕಿದ ದಿನದ ಎಕ್ಸ್‌ರೇ ಜೋಪಾನ ಮಾಡಿ, ಮುಂದೆ ಮೂಳೆ ಎಷ್ಟು ಇಳಿಯಿತು ಅನ್ನುವುದು ಅದಕ್ಕೆ ಹೋಲಿಸಿಯೇ ಗೊತ್ತಾಗುವುದು.

ಓದುಗ_ಮಳವಳ್ಳಿ:

ಹಲ್ಲು ಅಲ್ಲಾಡ್ತು ಅಂದ್ರೆ ಇಂಪ್ಲಾಂಟ್ ಹೋಯ್ತು ಅಂತಾನಾ ಸಾ?

ಪ್ರಾಸ್ಥೊ_ಕುವೆಂಪುನಗರ:

ಹಾಗೇ ಅಂದುಕೊಳ್ಳಬೇಡಿ. ಬಹಳ ಸಲ ಒಳಗಿನ ಚಿಕ್ಕ ಸ್ಕ್ರೂ ಸಡಿಲವಾಗಿರುತ್ತದೆ ಅಷ್ಟೇ: ನೋವಿಲ್ಲದೆ ಕ್ಯಾಪ್ ತಿರುಗುತ್ತದೆ, ಅಗಿಯುವಾಗ ಟಿಕ್ ಅನ್ನುತ್ತದೆ. ಮುಚ್ಚಳ ತೆಗೆದು ಹೊಸ ಸ್ಕ್ರೂ ಹಾಕಿ ಬಿಗಿದರೆ ಮುಗಿಯಿತು. ಅಲ್ಲಾಡುತ್ತಿದ್ದರೂ ಅದೇ ಕಡೆ ಅಗಿಯುತ್ತಾ ತಿಂಗಳು ತಳ್ಳಿದರೆ ಸ್ಕ್ರೂ ಒಳಗೇ ಮುರಿಯುತ್ತದೆ, ಆ ತುಂಡು ತೆಗೆಯುವುದು ಗಂಟೆಗಟ್ಟಲೆ ಕೆಲಸ. ಕ್ಯಾಪ್ ತೆಗೆದ ಮೇಲೂ ಫಿಕ್ಸ್ಚರೇ ಅಲ್ಲಾಡಿದರೆ ಮಾತ್ರ ಅದು ಹೋದ ಹಾಗೆ. ಆಗ ತೆಗೆದು, ಗುಂಡಿ ತೊಳೆದು, ಮೂಳೆ ತುಂಬಿದ ಮೇಲೆ ಮತ್ತೆ ಹಾಕಬಹುದು.

ಲ್ಯಾಬ್_ಮಂಡಿಮೊಹಲ್ಲಾ:

ಮಳವಳ್ಳಿ ಅಣ್ಣನಿಗೆ ಮತ್ತು ಎಲ್ಲರಿಗೂ: ಫಿಕ್ಸ್ಚರಿನ ಡಬ್ಬಿ ಒಡೆದಾಗ ಒಳಗೆ ಅಂಟಿಸುವ ಚೀಟಿಗಳಿರುತ್ತವೆ. ಕಂಪನಿ, ಮಾದರಿ, ದಪ್ಪ, ಉದ್ದ, ಲಾಟ್ ನಂಬರ್ ಎಲ್ಲ ಅದರಲ್ಲಿದೆ. ಒಂದು ಚೀಟಿ ಕ್ಲಿನಿಕ್ಕಿನ ಫೈಲಿಗೆ, ಇನ್ನೊಂದನ್ನು ನಿಮ್ಮ ಪುಸ್ತಕಕ್ಕೆ ಅಂಟಿಸಿಕೊಳ್ಳಿ. ಜೊತೆಗೆ ಅಬಟ್ಮೆಂಟ್ ಯಾವುದು, ಕ್ಯಾಪ್ ಸ್ಕ್ರೂನದ್ದೋ ಸಿಮೆಂಟಿನದ್ದೋ ಅಂತಲೂ ಬರೆಸಿ. ಎಂಟು ಹತ್ತು ವರ್ಷದ ಮೇಲೆ ಸ್ಕ್ರೂ ಸಡಿಲವಾದಾಗ ಹಾಕಿದ ಡಾಕ್ಟರ್ ಊರಲ್ಲಿ ಇಲ್ಲದಿರಬಹುದು. ಒಂದು ಕಂಪನಿಯ ಸ್ಕ್ರೂ ತಲೆಗೆ ಇನ್ನೊಂದರ ಕೀಲಿ ಹೊಂದುವುದಿಲ್ಲ. ಆ ಚೀಟಿ ಇದ್ದರೆ ಸರಿಯಾದ ಕೀಲಿ, ಸ್ಕ್ರೂ ತರಿಸುವುದು ಒಂದೆರಡು ದಿನದ ಕೆಲಸ. ಚೀಟಿ ಇಲ್ಲದಿದ್ದರೆ ಎಕ್ಸ್‌ರೇಯಲ್ಲಿ ಫಿಕ್ಸ್ಚರ್ ಮೈಮೇಲಿನ ಎಳೆಗಳ ಆಕಾರ ನೋಡಿ ಯಾವ ಕಂಪನಿ ಅಂತ ಊಹಿಸುತ್ತಾ ಕೂರಬೇಕು.